ಬೆವರಿದ ಕಲ್ಲು

ಆ ಮನೆಯಲ್ಲಿ ನಿಂಬೆಹಣ್ಣಿನ ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕುವ ಅಧಿಕಾರ ಯಾರಿಗೂ ಇರಲಿಲ್ಲ. ಚಹಾಕ್ಕೆ ಹಿಂಡಿದ್ದಾಗಲಿ, ಹುರಿದ ಮೀನಿನ ಮೇಲೆ ಹಿಂಡಿದ್ದಾಗಲಿ, ಹೋಳು ನೇರವಾಗಿ ಸಿಂಕಿನ ಪಕ್ಕದ ಪಿಂಗಾಣಿ ಬಟ್ಟಲಿಗೆ ಹೋಗಬೇಕು. ಬಟ್ಟಲು ತುಂಬಿದರೆ ಅತ್ತೆ ಅದನ್ನೆಲ್ಲ ಉದ್ದ ಕುತ್ತಿಗೆಯ ಗಾಜಿನ ಬಾಟಲಿಗೆ ತುರುಕಿ, ನೀರು ಹಾಕಿ, ಬಿರಡೆ ಬಿಗಿದು ಸಿಂಕಿನ ಕೆಳಗೆ ಇಡುತ್ತಿದ್ದರು. ಅದು ಹುಳಿ ಬಂದು, ಬಣ್ಣ ತಿರುಗಿ, ಮೂಗಿಗೆ ಚುಚ್ಚುವಂತಾದ ಮೇಲೆ ಬಕೆಟ್ಟಿನ ನೀರಿಗೆ ಒಂದಿಷ್ಟು ಬೆರೆಸಿ ಅದರಲ್ಲೇ ನೆಲ ಒರೆಸುವುದು. ಮದುವೆಯಾಗಿ ಬಂದಾಗಿನಿಂದ ಅವರದು ಇದೇ ಪದ್ಧತಿ. ಅಂಗಡಿಯ ಬಣ್ಣಬಣ್ಣದ ದ್ರಾವಣಗಳನ್ನು ಕಂಡರೆ "ವಿಷ" ಎಂದು ಮುಖ ತಿರುಗಿಸುತ್ತಿದ್ದರು.

ಒರೆಸುವುದಕ್ಕೂ ಅವರದೇ ಒಂದು ಕ್ರಮ. ಉದ್ದ ಕೋಲಿನ ಮಾಪು ಮನೆಯಲ್ಲಿತ್ತು, ಅದನ್ನು ಅವರು ಮುಟ್ಟುತ್ತಿರಲಿಲ್ಲ. ಹಳೆಯ ಪರದೆ ಬಟ್ಟೆಯಿಂದ ಹೊಲಿದ ಪುಟ್ಟ ದಿಂಬನ್ನು ಮೊಣಕಾಲಿನ ಕೆಳಗಿಟ್ಟುಕೊಂಡು, ಹಿಂದೆ ಹಿಂದೆ ಸರಿಯುತ್ತಾ, ಎಡಗೈಯಲ್ಲಿ ಬಟ್ಟೆಯನ್ನು ಅರ್ಧಚಂದ್ರದ ಹಾಗೆ ಬೀಸುತ್ತಿದ್ದರು. ಆ ದಿಂಬನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ಮೊಮ್ಮಗಳು ಅದನ್ನು ತಲೆಗಿಟ್ಟುಕೊಂಡು ಟಿವಿ ನೋಡಿದ್ದಕ್ಕೆ ವಾರವಿಡೀ ಬೈಗುಳ ಕೇಳಬೇಕಾಯಿತು.

ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ನಡುಮನೆಯ ನೆಲ ಮಾತ್ರ ವರ್ಷದಿಂದ ವರ್ಷಕ್ಕೆ ಮಂಕಾಗುತ್ತಲೇ ಹೋಗಿತ್ತು. ಅಮೃತಶಿಲೆ ಎಂದರೆ ಹೊಸಬರು ನಂಬುತ್ತಿರಲಿಲ್ಲ. ಸುಣ್ಣ ಬಳಿದು ಉಜ್ಜಿದ ಹಾಗೆ ಬಿಳಚಿಕೊಂಡಿತ್ತು.

"ಕಿತ್ತು ಟೈಲ್ಸ್ ಹಾಕಿಸೋಣ," ಎಂದ ಮಗ, ಒಂದು ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. ಅವನು ಬಸ್ ಡಿಪೋದಲ್ಲಿ ಮೇಲ್ವಿಚಾರಕ. ಊಟದ ನಡುವೆಯೂ ಫೋನು ಕಿವಿಗೆ ಅಂಟಿರುತ್ತಿತ್ತು. "ನಮ್ಮ ಮ್ಯಾನೇಜರ್ ಮನೇಲಿ ಹಾಕಿಸಿದಾರೆ. ಕನ್ನಡಿ ಇದ್ದ ಹಾಗಿದೆ."

"ಮುಖ ನೋಡ್ಕೊಳ್ಳೋಕೆ ಗೋಡೆ ಮೇಲೊಂದು ಕನ್ನಡಿ ಇದೆ, ಸಾಲ್ದಾ?" ಎಂದರು ಅತ್ತೆ.

"ಅಮ್ಮಾ, ನೆಲ ಹಾಳಾಗಿದೆ."

"ಎಲ್ಲಿ ಹಾಳಾಗಿದೆ? ಒಂದು ಬಿರುಕು ತೋರ್ಸು. ಒಂದು ಮೂಲೆ ಒಡೆದಿದ್ರೆ ತೋರ್ಸು. ಒಂದು ದಿನ ಬಿಡದೆ ಒರೆಸಿದೀನಿ. ಕೂದ್ಲು ಬೆಳ್ಳಗಾಯ್ತು ಅಂತ ನನ್ನೂ ಕಿತ್ತು ಹಾಕ್ತೀಯಾ?"

"ಮಾತು ಎಲ್ಲಿಂದೆಲ್ಲಿಗೆ ತಗೊಂಡು ಹೋಗ್ತೀಯಮ್ಮಾ ನೀನು!"

ಮೊಮ್ಮಗಳು ಕಾಲೇಜು ಹುಡುಗಿ. ಅವಳು ಫೋನಿನಲ್ಲಿ ಏನೋ ತಡಕಾಡಿ, "ಕೀಳೋದ್ಯಾಕೆ? ಹಳೇ ಅಮೃತಶಿಲೆನ ಮತ್ತೆ ಅರೆದು ಪಾಲಿಶ್ ಮಾಡ್ತಾರಂತೆ. ಹೊಸದರ ಹಾಗೇ ಆಗುತ್ತಂತೆ. ಒಳ್ಳೇ ಕಲ್ಲು ಒಡೆದು ಗುಂಡಿಗೆ ಸುರಿಯೋದು ಪಾಪ ಅಪ್ಪಾ," ಎಂದಳು.

ಸೊಸೆ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿ. ದಿನವಿಡೀ ಜನರ ಬಾಯೊಳಗೆ ದೀಪ ಹಿಡಿದು ನಿಂತು, ಮನೆಗೆ ಬಂದು ಅಡುಗೆ ಮಾಡಿ, ಪಾತ್ರೆ ತೊಳೆಯುವವಳು. ನೆಲ ಹೇಗಿದ್ದರೆ ತನಗೇನು ಎಂಬುದು ಅವಳ ಒಳಗಿನ ಮಾತು. ಗಂಡ ಕೇಳಿದಾಗ ಮಾತ್ರ, "ಟೈಲ್ಸೋ ಪಾಲಿಶ್ಶೋ, ಏನಾದ್ರೂ ಮಾಡಿ. ಆದ್ರೆ ಬೇಗ ಮುಗ್ಸಿ," ಎಂದಳು.

ಕೊನೆಗೆ ಅತ್ತೆಯ ಹಟವೇ ಗೆದ್ದು ಪಾಲಿಶ್‌ನವನು ಬಂದ. ಸಣಕಲು ಆಳು, ಬಾಯಿ ಮಾತ್ರ ದೊಡ್ಡದು. ಹೊಸಿಲಲ್ಲೇ ಕುಕ್ಕರುಗಾಲಲ್ಲಿ ಕೂತು, ಟಾರ್ಚನ್ನು ನೆಲಕ್ಕೆ ಅಡ್ಡವಾಗಿ ಹಿಡಿದು ನೋಡಿ, "ಕಲ್ಲು ಜಾತಿವಂತ ಕಲ್ಲು ಸಾರ್. ನಾನು ಕೈ ಹಾಕಿದ್ಮೇಲೆ ನೀವು ಇದರಲ್ಲಿ ಕ್ರಾಪು ಬಾಚ್ಕೋಬಹುದು," ಎಂದ. ಮಗನ ತಲೆಯ ಮೇಲೆ ಬಾಚಲು ಹೆಚ್ಚೇನೂ ಇರಲಿಲ್ಲವಾದ್ದರಿಂದ ಮೊಮ್ಮಗಳು ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಸೊಸೆಗೆ ಈಗಲೂ ತಲೆನೋವು ಬರುತ್ತದೆ. ನಡುಮನೆಯ ಸಾಮಾನೆಲ್ಲ ಮಲಗುವ ಕೋಣೆಗಳಿಗೆ ಬಂತು. ಸೋಫಾ ಹತ್ತಿ ಇಳಿದರೆ ಮಾತ್ರ ಮಂಚ ಸಿಗುತ್ತಿತ್ತು. ಊಟದ ಮೇಜು ಬಾಲ್ಕನಿಯಲ್ಲಿ, ಫ್ರಿಜ್ಜು ಬಚ್ಚಲಿನ ಬಾಗಿಲ ಬಳಿ. ಅರೆಯುವ ಯಂತ್ರ ಬೆಳಗ್ಗೆ ಗೊರ್ರೆಂದು ಶುರುವಾದರೆ ಸಂಜೆಯವರೆಗೆ ಕಿವಿ ತುಂಬುತ್ತಿತ್ತು. ಮೊದಲು ಒರಟು ಕಲ್ಲಿನಿಂದ ಅರೆದ, ಆಮೇಲೆ ನಯದ್ದರಿಂದ, ಆಮೇಲೆ ಇನ್ನೂ ನಯದ್ದರಿಂದ. ನೀರು ಹಾಕಿಯೇ ಅರೆಯುತ್ತಿದ್ದುದರಿಂದ ಧೂಳಿಲ್ಲ, ಸರಿ. ಆದರೆ ಹಾಲಿನಂಥ ಕೆಸರು ಎಲ್ಲರ ಅಂಗಾಲಿಗೂ ಮೆತ್ತಿ ಇಡೀ ಮನೆ ಸುತ್ತಾಡಿ ಬರುತ್ತಿತ್ತು.

"ಇವತ್ತೂ ಮೊಟ್ಟೆನೇನಾ?" ಎಂದ ಗಂಡ, ಬಾಲ್ಕನಿಯಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು.

"ಒಲೆ ಹತ್ರ ಹೋಗೋಕೆ ಇರೋದು ಒಂದು ಹಲಗೆ. ಅದರ ಮೇಲೆ ನಿಂತ್ಕೊಂಡು ಔತಣ ಮಾಡ್ಲಾ?"

"ಟೈಲ್ಸ್ ಆಗಿದ್ರೆ ಇಷ್ಟು ಹೊತ್ತಿಗೆ ಮುಗ್ದಿರೋದು."

"ಕೇಳಿಸ್ತು," ಎಂದರು ಅತ್ತೆ ಒಳಗಿನಿಂದ. ಅಷ್ಟು ಗದ್ದಲದಲ್ಲೂ ಆ ಕಿವಿಗಳಿಗೆ ಬೇಕಾದ್ದು ಬಿದ್ದೇ ಬೀಳುತ್ತಿತ್ತು.

ಅತ್ತೆ ಮಾತ್ರ ಆ ದಿನಗಳಲ್ಲಿ ಹತ್ತು ವರ್ಷ ಚಿಕ್ಕವರಾಗಿದ್ದರು. ಹೊಸಿಲ ಬಳಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. "ಆ ಮೂಲೆ ಬಿಟ್ಟೆಯಲ್ಲಪ್ಪಾ" ಎಂದು ಬೈಯುವವರೂ ಅವರೇ, ಮಧ್ಯಾಹ್ನ ತಮ್ಮ ಪಾಲಿನ ಮೀನನ್ನು ಅವನ ತಟ್ಟೆಗೆ ಹಾಕುವವರೂ ಅವರೇ. "ಈ ಅಮ್ಮಾವ್ರ ಕಣ್ಣಿಗಿಂತ ನನ್ನ ಯಂತ್ರವೇ ವಾಸಿ, ಮಧ್ಯ ಮಧ್ಯ ನಿಲ್ಲುತ್ತೆ," ಎಂದು ಅವನು ಗೊಣಗುತ್ತಾ ತಿನ್ನುತ್ತಿದ್ದ.

ಕೊನೆಯ ದಿನ ಅವನು ಪುಡಿ ಹಾಕಿ ಹೊಳಪು ಕೊಟ್ಟು, ಯಂತ್ರವನ್ನು ಇಳಿಸಿಕೊಂಡು ಹೋದ. ಹೋಗುವಾಗ ಮೆಟ್ಟಿಲ ಬಳಿ ಮಗನಿಗೆ ಏನೇನೋ ಹೇಳುತ್ತಿದ್ದ. ಮಗ ಒಂದು ಕಿವಿಗೆ ಡಿಪೋದವರನ್ನು ಒತ್ತಿಕೊಂಡು, ಇನ್ನೊಂದು ಕಿವಿಯಿಂದ "ಹೂಂ, ಹೂಂ, ಆಯ್ತು" ಎನ್ನುತ್ತಿದ್ದ.

ಕಿಟಕಿಯ ಬೆಳಕು ನೆಲದೊಳಗೆ ಇಳಿದು ಕೂತ ಹಾಗಿತ್ತು. ಬೂದುಬಣ್ಣದ ಗೆರೆಗಳು, ನಡುನಡುವೆ ಒಂದೊಂದು ಜೇನಿನ ಬಣ್ಣದ ಎಳೆ. ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವು? ಸೊಸೆ ಚಪ್ಪಲಿ ಕಳಚಿ ಬರಿಗಾಲಲ್ಲಿ ಒಮ್ಮೆ ಆಚೆಗೂ ಈಚೆಗೂ ನಡೆದಳು. ಯಾರೂ ನೋಡಿಲ್ಲವೆಂದುಕೊಂಡು ಮತ್ತೊಮ್ಮೆ ನಡೆದಳು. ಅತ್ತೆ ನೋಡಿದರು.

ಮಾರನೆಯ ಬೆಳಗ್ಗೆ ಎಲ್ಲರೂ ಹೊರಗೆ ಹೋದ ಮೇಲೆ ಅತ್ತೆ ದಿಂಬು ತೆಗೆದರು. ಹೊಸ ನೆಲಕ್ಕೆ ಮೊದಲ ಸಲ ಒರೆಸುವುದು. ಕೈಬಿಗಿ ಹಿಡಿಯುವ ದಿನವೇ ಅದು? ಬಾಟಲಿಯ ನೀರನ್ನು ಧಾರಾಳವಾಗಿ, ಅರ್ಧಕ್ಕೂ ಹೆಚ್ಚು, ಬಕೆಟ್ಟಿಗೆ ಸುರಿದು ಇಡೀ ನಡುಮನೆ ಒರೆಸಿದರು.

ಸಂಜೆ ಸೊಸೆ ಬಂದು ದೀಪ ಹಾಕಿದಾಗ ನೆಲದ ಹೊಳಪು ಸತ್ತಿತ್ತು. ಒಂದರ ಮೇಲೊಂದು ಬಾಗಿದ ಪಟ್ಟೆಗಳು; ಅಲ್ಲಲ್ಲಿ ಹೊಳಪು, ಅಲ್ಲಲ್ಲಿ ಹಳೆಯ ಅದೇ ಬಿಳಚು. ಅತ್ತೆ ಸೋಫಾದ ಅಂಚಿನಲ್ಲಿ ಮುದುಡಿ ಕೂತಿದ್ದರು.

"ಆರಿದ್ಮೇಲೆ ಹೀಗಾಯ್ತು," ಎಂದರು. "ಮತ್ತೆ ಮತ್ತೆ ಒರೆಸ್ದೆ. ಹೋಗ್ಲೇ ಇಲ್ಲ."

ಗಂಡ ಪಾಲಿಶ್‌ನವನಿಗೆ ಫೋನು ಮಾಡಿ ಕೂಗಾಡಿದ. "ಮೋಸ! ಒಂದು ದಿನ ನಿಲ್ಲಲಿಲ್ಲ ನಿನ್ನ ಪಾಲಿಶ್! ಮೇಣ ಬಳಿದು ಹೋದೆಯಾ?" ಆ ಕಡೆಯ ಉತ್ತರವೂ ಕಮ್ಮಿ ಜೋರಾಗಿರಲಿಲ್ಲ. "ನನ್ನ ಕೆಲಸಕ್ಕೆ ಹೆಸರಿಡಬೇಡಿ ಸಾರ್! ಬಿಡುವಾದಾಗ ಬಂದು ನೋಡ್ತೀನಿ," ಎಂದು ಪಟ್ಟನೆ ಇಟ್ಟ. ಬಿಡುವಾಗಲು ಅವನಿಗೆ ವಾರ ಹಿಡಿಯಿತು. ಅಷ್ಟೂ ದಿನ ಮನೆಯಲ್ಲಿ ಊಟಕ್ಕಿಂತ ಜಗಳವೇ ಹೆಚ್ಚು ಬಡಿಸಲ್ಪಟ್ಟಿತು. ಮಗಳು ಪಾಲಿಶ್ ಅಂದಿದ್ದು ತಪ್ಪು, ಅಮ್ಮ ಹಟ ಮಾಡಿದ್ದು ತಪ್ಪು, ಹೆಂಡತಿ ಬಾಯಿ ಬಿಡದೆ ಇದ್ದದ್ದು ತಪ್ಪು.

"ಮತ್ತೆ ನಿಮ್ಮದೇನೂ ಇಲ್ವಾ?" ಎಂದಳು ಸೊಸೆ, ಸಾಕಾಗಿ.

"ನಂದೇನಿದೆ? ನಾನು ಮೊದಲೇ ಟೈಲ್ಸ್ ಅಂದಿದ್ದೆ."

ಆ ವಾರವೇ ಕ್ಲಿನಿಕ್ಕಿನಲ್ಲಿ ಒಬ್ಬರ ಹಲ್ಲಿನ ತೂತು ತುಂಬಿಸುವ ಕೆಲಸವಿತ್ತು. ವೈದ್ಯೆ ಹಲ್ಲಿಗೆ ನೀಲಿ ಬಣ್ಣದ ಹುಳಿ ಲೇಪವನ್ನು ಚುಕ್ಕೆಯಷ್ಟು ಹಚ್ಚಿ, ಸ್ವಲ್ಪ ಬಿಟ್ಟು ತೊಳೆದರು. ತುಂಬುವ ಮಸಾಲೆ ಹಿಡಿದುಕೊಳ್ಳಲೆಂದು ದಿನವೂ ಮಾಡುವುದೇ ಅದು. ಸೊಸೆ ಗಾಳಿ ಊದಿ ಒಣಗಿಸಿದಳು. ಮುತ್ತಿನಂತೆ ಮಿನುಗುತ್ತಿದ್ದ ಹಲ್ಲಿನ ಮೇಲೆ, ಲೇಪ ಕೂತಿದ್ದಷ್ಟು ಜಾಗ ಮಾತ್ರ ಸೀಮೆಸುಣ್ಣದ ಹಾಗೆ ಬಿಳಚಿಕೊಂಡಿತು.

ಅವಳ ಕೈ ಅಲ್ಲೇ ನಿಂತಿತು. "ಗಾಳಿ ಸಾಕಮ್ಮಾ," ಎಂದರು ವೈದ್ಯೆ. "ಏನು ಯೋಚನೆ?"

"ನಮ್ಮನೆ ನೆಲ, ಡಾಕ್ಟ್ರೇ," ಎಂದಳು. ಬಾಯಿ ತೆರೆದು ಮಲಗಿದ್ದ ರೋಗಿ ಗಾಬರಿಯಿಂದ ಇಬ್ಬರನ್ನೂ ನೋಡಿದ.

ಮನೆಗೆ ಬಂದವಳೇ, ಅತ್ತೆ ಮಹಡಿಗೆ ಬಟ್ಟೆ ತರಲು ಹೋದ ಸಮಯ ನೋಡಿ, ಬಾಗಿಲ ಹಿಂದೆ ಇನ್ನೂ ಹೊಳಪು ಉಳಿದಿದ್ದ ಅಂಚಿನಲ್ಲಿ ಬಾಟಲಿಯಿಂದ ಒಂದು ಹನಿ ಬಿಟ್ಟಳು. ಅಕ್ಕಿ ತೊಳೆದು ಒಲೆಯ ಮೇಲಿಟ್ಟು ಬಂದು ಒರೆಸಿದಳು. ಬಿಳಿಯ ದುಂಡು ಗುರುತು ಅಲ್ಲೇ ಕೂತಿತ್ತು. ಇಷ್ಟು ವರ್ಷ ದಿನವೂ ಒಂದಿಷ್ಟು ಒಂದಿಷ್ಟಾಗಿ ನೆಲದ ಹೊಳಪನ್ನು ತಿಂದಿದ್ದು ಆ ಬಾಟಲಿಯೇ. ಅದನ್ನು ಆ ಕೈಗಳಿಗೆ ಹೇಳುವುದು ಹೇಗೆ? ನಿಮ್ಮ ಆಯುಷ್ಯದ ದುಡಿಮೆಯೇ ಈ ನೆಲವನ್ನು ಹಾಳು ಮಾಡಿದ್ದು, ಅತ್ತೆ, ಎಂದು ಯಾವ ಬಾಯಲ್ಲಿ ಅನ್ನುವುದು? ಬಾಟಲಿಯನ್ನು ಇದ್ದ ಜಾಗದಲ್ಲೇ ಇಟ್ಟು ತರಕಾರಿ ಹೆಚ್ಚಲು ಕೂತಳು.

ಪಾಲಿಶ್‌ನವನು ಬಂದಾಗ ಜಗಳಕ್ಕೆ ತಯಾರಾಗಿಯೇ ಬಂದಿದ್ದ. ಟಾರ್ಚು ಅಡ್ಡ ಹಿಡಿದ. ಬಗ್ಗಿದ. ಮೂಗು ನೆಲಕ್ಕೆ ತಾಗಿಸಿ ಮೂಸಿದ. ಎದ್ದವನ ಮುಖ ಕೆಂಪಾಗಿತ್ತು.

"ಯಾರ್ರೀ ಇದನ್ನ—" ಎಂದು ಶುರು ಮಾಡಿದವನ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಯಿತು. ಅಲ್ಲಿ ಅತ್ತೆ, ಎಡಗೈಯಲ್ಲಿ ಒದ್ದೆ ಬಟ್ಟೆ, ಕಂಕುಳಲ್ಲಿ ದಿಂಬು, ಪರೀಕ್ಷೆಯ ಫಲಿತಾಂಶ ಕೇಳಲು ನಿಂತ ಮಗುವಿನ ಹಾಗೆ ನಿಂತಿದ್ದರು.

ಅವನು ಒಂದು ಸಲ ಕೆಮ್ಮಿದ. "ಹವಾಮಾನ," ಎಂದ.

"ಏನು?" ಎಂದ ಗಂಡ.

"ಹವಾ ಬದಲಾದಾಗ ಹಳೇ ಕಲ್ಲು ಬೆವರುತ್ತೆ ಸಾರ್. ಒಳಗಿನ ತೇವ ಮೇಲೆ ಬಂದು ಹೊಳಪನ್ನ ತಳ್ಳುತ್ತೆ. ಯಾರ ತಪ್ಪೂ ಇಲ್ಲ."

"ಕಲ್ಲು ಬೆವರುತ್ತಾ?"

"ಕೆಲವು ಕಲ್ಲು," ಎಂದ ಅವನು, ಗೋಡೆಯ ಗಡಿಯಾರ ನೋಡುತ್ತಾ.

ಸೊಸೆ ಅವನ ಹಿಂದೆಯೇ ಮೆಟ್ಟಿಲಿಳಿದು ಹೋದಳು. "ಕಲ್ಲು ಬೆವರುತ್ತಾ ಅಣ್ಣಾ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಹುಳಿ ಅಕ್ಕಾ. ವಾಸನೆ ಇನ್ನೂ ಇದೆ. ಬಾಯಿಗೆ ಬಂದಿತ್ತು, ನುಂಗ್ಕೊಂಡೆ. ಆ ಅಮ್ಮ ದಿನಾ ತಮ್ಮ ಮೀನು ನನಗೆ ಹಾಕಿದ್ರು." ಆಮೇಲೆ ಸಿಟ್ಟು ತಿರುಗಿ ಬಂತು. "ಬರೀ ನೀರಲ್ಲಿ ಒರೆಸಿ, ಬೇರೇನೂ ಮುಟ್ಟಿಸಬೇಡಿ ಅಂತ ಸಾರ್‌ಗೆ ಇದೇ ಮೆಟ್ಟಿಲ ಮೇಲೆ ಹೇಳಿದ್ದೆ. ಹೂಂ ಹೂಂ ಅಂದ್ರು."

ಅವಳು ದಡದಡ ಮೆಟ್ಟಿಲು ಹತ್ತಿ ಬಂದಳು, ಗಂಡನನ್ನು ಹಿಡಿದು ಝಾಡಿಸಬೇಕೆಂದು. ಆದರೆ ಅವನು ಆಗಲೇ ಫೋನಿನಲ್ಲಿದ್ದ.

"ಹೌದು, ಪೂರ್ತಿ ಕಿತ್ತು ಹಾಕೋದೇ. ಹವಾ ಬದಲಾದಾಗಲೆಲ್ಲ ಬೆವರೋ ಕಲ್ಲು ಇಟ್ಕೊಂಡು ಏನ್ ಮಾಡ್ಲಿ? ಸೋಮವಾರ ಬನ್ನಿ."

ಅತ್ತೆ ಅದನ್ನು ಕೇಳಿಸಿಕೊಂಡರು. ಬಟ್ಟೆಯನ್ನು ಹಿಂಡಿ, ಒಣಹಾಕಿ, ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅಂದಿನಿಂದ ನೆಲ ಒರೆಸುವುದನ್ನೇ ಬಿಟ್ಟರು. ಮೇಜಿನ ಕೆಳಗೆ ಬ್ರೆಡ್ಡಿನ ಪುಡಿ ಬಿದ್ದಿದ್ದರೂ ದಾಟಿ ಹೋಗುತ್ತಿದ್ದರು. ಮೊಮ್ಮಗಳು ಚಹಾ ಚೆಲ್ಲಿ ಬೈಗುಳಕ್ಕೆ ಕಾದು ನಿಂತಳು. ಬೈಗುಳ ಬರಲಿಲ್ಲ. "ಅಮ್ಮಾ, ಅಜ್ಜಿಗೆ ಹುಷಾರಿಲ್ವಾ?" ಎಂದು ಹೆದರಿ ಕೇಳಿದಳು.

ಸೊಸೆಗೆ ತಲೆ ಚಿಟ್ಟು ಹಿಡಿಯಿತು. ಬಾಯಿ ಬಿಡದಿದ್ದರೆ ಅತ್ತೆಯ ನೆಲ ಹೋಗುತ್ತದೆ. ಬಾಯಿ ಬಿಟ್ಟರೆ ಅತ್ತೆಯೇ ಕುಸಿಯುತ್ತಾರೆ. ಗಂಡನಿಗೆ ಗುಟ್ಟಾಗಿ ಹೇಳೋಣವೆಂದರೆ, ಅವನಿಗೆ ಗುಟ್ಟು ಹೇಳುವುದೂ ಡಿಪೋದ ಮೈಕಿನಲ್ಲಿ ಕೂಗುವುದೂ ಒಂದೇ. ಈ ಪಾಲಿಶ್‌ನವನ ಮೇಲೂ ಅವಳಿಗೆ ಸಿಟ್ಟು ಬಂತು. ಕರುಣೆ ತೋರಿಸುವವನು ಸ್ವಲ್ಪ ಯೋಚಿಸಿ ತೋರಿಸಬಾರದಿತ್ತೇ? ಬೆವರುವ ಕಲ್ಲಂತೆ!

ಭಾನುವಾರ ರಾತ್ರಿ ಊಟಕ್ಕೆ ಅನ್ನ, ಬೇಳೆ, ಹುರಿದ ಮೀನು. ಗಂಡ ಖುಷಿಯಲ್ಲಿದ್ದ. "ನಾಳೆ ಬೆಳಗ್ಗೇನೇ ಬರ್ತಾರೆ. ಸಾಮಾನು ಮತ್ತೆ ಒಳಗೆ ತಳ್ಳಬೇಕು."

ಸೊಸೆ ತಟ್ಟೆ ಸರಿಸಿದಳು. "ಬೇಡ ಅನ್ನಿ ಅವರಿಗೆ. ಕಲ್ಲು ಬೆವರಲಿಲ್ಲ. ನಾನು ಮಾಡಿದ್ದು."

"ಏನು ಮಾಡಿದ್ದು?"

"ನೆಲ ಒರೆಸಿದ್ದು. ಆ ದಿನ ಬೆಳಗ್ಗೆ, ಕೆಲಸಕ್ಕೆ ಹೋಗೋ ಮುಂಚೆ. ಕ್ಲಿನಿಕ್ಕಿಂದ ಏನೋ ದ್ರಾವಣ ತಂದಿದ್ದೆ, ನೀರಿಗೆ ಹಾಕ್ದೆ. ಅದು ಕಲ್ಲಿಗೆ ಆಗಲ್ಲ ಅಂತ ಆಮೇಲೆ ಗೊತ್ತಾಯ್ತು."

ಮಗಳು ಎತ್ತಿದ ತುತ್ತನ್ನು ತಟ್ಟೆಗೆ ಬಿಟ್ಟಳು. "ಅಮ್ಮಾ, ನೀನಾ? ನೆಲ ಒರೆಸಿದ್ಯಾ?"

"ಯಾಕೆ, ನಾನು ಒರೆಸಬಾರದಾ?"

"ಒರೆಸಬಹುದಿತ್ತು," ಎಂದರು ಅತ್ತೆ. ಎಷ್ಟೋ ದಿನಗಳ ಮೇಲೆ ಅವರ ದನಿಗೆ ಹಳೆಯ ಚುರುಕು ಬಂದಿತ್ತು. "ನೀನು ಈ ಮನೆಗೆ ಬಂದಾಗಿನಿಂದ ಒಂದು ದಿನ, ಒಂದೇ ಒಂದು ದಿನ, ನೆಲದ ಬಟ್ಟೆ ಕೈಲಿ ಹಿಡಿದದ್ದು ನಾನು ಕಂಡಿಲ್ಲ. ಸುಳ್ಳು ಹೇಳೋದಾದ್ರೆ ನಂಬೋ ಅಂಥದ್ದು ಹೇಳೇ."

ಎದ್ದು ಒಳಗೆ ಹೋಗಿ, ಸಿಂಕಿನ ಕೆಳಗಿನ ಬಾಟಲಿ ತಂದು ಮೀನಿನ ತಟ್ಟೆಯ ಪಕ್ಕ ಕುಕ್ಕಿದರು.

"ಇದು. ಇದೇ ಮಾಡಿದ್ದು. ಆ ಪಟ್ಟೆ ನೋಡಿದೀರಾ, ಯಾವ ಕಡೆಗೆ ಬಾಗಿದೆ ಅಂತ? ಈ ಮನೇಲಿ ಎಡಗೈ ಯಾರದ್ದು? ನನ್ನ ಕೈ ಬೀಸು ನನಗೆ ಗೊತ್ತಾಗಲ್ವಾ? ಬಾಗಿಲ ಹಿಂದೆ ಒಂದು ದುಂಡು ಗುರುತು ಬೇರೆ, ಯಾರೋ ಹನಿ ಬಿಟ್ಟು ನೋಡಿದಾರೆ." ಸೊಸೆ ತಲೆ ತಗ್ಗಿಸಿದಳು. "ಕಲ್ಲು ಬೆವರುತ್ತಂತೆ! ಅವನು ಹೇಳ್ದ, ನೀವೆಲ್ಲ ತಲೆ ಆಡಿಸಿದ್ರಿ. ನಾನೇನು ಪೆದ್ದಿನಾ?"

"ಮತ್ತೆ ಯಾಕಮ್ಮಾ ಸುಮ್ನಿದ್ದೆ?" ಎಂದ ಮಗ.

ಅತ್ತೆ ಕೂತರು. ಬಾಟಲಿಯ ಬಿರಡೆಯನ್ನು ಸುಮ್ಮನೆ ಒಮ್ಮೆ ಸಡಿಲಿಸಿ ಮತ್ತೆ ಬಿಗಿದರು. "ಹೇಳಿದ್ರೆ ಒಂದು ದಿನದ್ದಲ್ಲ, ಅಷ್ಟೂ ವರ್ಷದ್ದು ನಾನೇ ಅಂತಾಗುತ್ತಲ್ಲೋ. ನಾಲಿಗೆ ಹೊರಳಲಿಲ್ಲ. ಹೋದ್ರೆ ಹೋಗ್ಲಿ ನೆಲ ಅಂದ್ಕೊಂಡೆ." ಸೊಸೆಯ ಕಡೆ ನೋಡಲಿಲ್ಲ. "ಇವಳು ನನ್ನ ತಪ್ಪು ತಲೆ ಮೇಲೆ ಹಾಕ್ಕೊಳ್ಳೋವರೆಗೆ ಹೋಗ್ತಾಳೆ ಅಂತ ಗೊತ್ತಿರಲಿಲ್ಲ."

ಗಂಡನಿಗೆ ಏನೋ ದೊಡ್ಡ ಮಾತು ಹೇಳಬೇಕೆನಿಸಿರಬೇಕು. "ಅಯ್ಯೋ ಅಮ್ಮಾ, ಅವನು ಸ್ಪಷ್ಟವಾಗಿ ಹೇಳಿದ್ನಲ್ಲ, ಬರೀ ನೀರಲ್ಲಿ ಒರೆಸಿ, ಬೇರೇನೂ—" ಎಂದವನು ಅಲ್ಲಿಗೇ ನಿಂತ.

"ಯಾರಿಗೆ ಹೇಳಿದ್ದ?" ಎಂದಳು ಸೊಸೆ, ಬಹಳ ಮೆತ್ತಗೆ.

"ಅಪ್ಪಾ!" ಎಂದಳು ಮಗಳು.

"ಡಿಪೋದಿಂದ ಫೋನ್ ಬಂದಿತ್ತು ಕಣೇ..."

ಆಮೇಲೆ ಆ ಮೇಜಿನ ಮೇಲೆ ನಡೆದದ್ದನ್ನು ಇಲ್ಲಿ ಬರೆಯುವುದು ಬೇಡ. ಮೂರು ತಲೆಮಾರಿನ ಹೆಂಗಸರು ಒಟ್ಟಿಗೆ ಒಬ್ಬ ಗಂಡಸಿನ ಮೇಲೆ ತಿರುಗಿಬಿದ್ದಾಗ ಆಗುವುದೆಲ್ಲ ಆಯಿತು. ಮೀನು ಆರಿ ತಣ್ಣಗಾಯಿತು. ಟೈಲ್ಸಿನವರಿಗೆ ಬೇಡವೆಂದು ಫೋನು ಮಾಡುವ ಕೆಲಸ ಅವನಿಗೇ ಬಿತ್ತು. ಪಾಲಿಶ್‌ನವನಿಗೆ ಅತ್ತೆಯೇ ಮಾಡಿದರು.

"ಏನಪ್ಪಾ, ಬೆವರಿದ ಕಲ್ಲಿನ ಮನೆಯಿಂದ ಮಾತಾಡ್ತಿದೀನಿ. ಇನ್ನೊಂದ್ಸಲ ನನ್ನೆದುರಿಗೆ ಸುಳ್ಳು ಹೇಳಿದ್ರೆ ಮೀನಿಲ್ಲ, ಬರೀ ಅನ್ನ. ಬಾ, ಬಂದು ಸರಿ ಮಾಡ್ಕೊಡು."

ಈ ಸಲ ಕೊನೆಯ ಹೊಳಪು ಮಾತ್ರ ಕೊಡಬೇಕಿತ್ತು. ಕೆಲಸ ಬೇಗ ಮುಗಿಯಿತು. ಮೆಟ್ಟಿಲ ಬಳಿ ಅವನು ಯಾರಿಗೂ ಏನೂ ಹೇಳಲಿಲ್ಲ. ಅತ್ತೆಯ ಕುರ್ಚಿಯ ಮುಂದೆ ಬಂದು ನಿಂತು ಅವರಿಗೇ ಹೇಳಿದ. ಬಾಟಲಿಗೂ ಹೊಸ ಉದ್ಯೋಗ ಸಿಕ್ಕಿತು. ಆ ನೀರಿಗೆ ನಲ್ಲಿಯ ಕಲೆಗಳು ಹೇಳಹೆಸರಿಲ್ಲದೆ ಹೋಗುತ್ತವೆ ಎಂದು ಅತ್ತೆ ಕಂಡುಹಿಡಿದು, ಸಿಪ್ಪೆಯ ಬಟ್ಟಲನ್ನು ಇದ್ದಲ್ಲೇ ಉಳಿಸಿಕೊಂಡರು.

ಮುಂದಿನ ರಜೆಯ ದಿನ ಸೊಸೆ ಹಾಸಿಗೆಯಲ್ಲಿ ಇನ್ನೊಂದು ಮಗ್ಗುಲು ಹೊರಳುವ ಮೊದಲೇ ಕರೆ ಬಂತು.

"ಎದ್ದು ಬಾ. ನಾನೇ ಒರೆಸಿದ್ದು ಅಂದ್ಯಲ್ಲ? ಒರೆಸು ನೋಡೋಣ."

"ಅತ್ತೆ, ಅದು ಸುಮ್ನೆ ಹೇಳಿದ್ದು ಅಂತ ನೀವೇ..."

"ಎಲ್ಲರ ಮುಂದೆ ಹೇಳಿದ್ದೀಯ. ನನ್ನ ಮೊಣಕಾಲೂ ಮೊದಲಿನ ಹಾಗಿಲ್ಲ. ಬಕೆಟ್ ಅಲ್ಲಿದೆ. ಬರೀ ನೀರು."

ಸೊಸೆ ಗೊಣಗುತ್ತಲೇ ಬಟ್ಟೆ ಹಿಂಡಿದಳು. ಮಾಪು ಹಿಡಿಯಲು ಹೋಗಿ, ಅತ್ತೆಯ ಮುಖ ನೋಡಿ ಕೈ ಬಿಟ್ಟಳು. ಬರಿಯ ಕಲ್ಲಿನ ಮೇಲೆ ಮೊಣಕಾಲೂರಿದಾಗ ನೋವಿಗೆ "ಅಬ್ಬಾ" ಎಂದಳು. ವಾರಕ್ಕೊಂದು ರಜೆ, ಅದೂ ಹೀಗೆ! ಸುಳ್ಳು ಹೇಳುವ ಮುನ್ನ ಇದನ್ನೆಲ್ಲ ಯೋಚಿಸಬೇಕಿತ್ತು.

"ಮೂಲೆ ಬಿಟ್ಟೆ," ಎಂದರು ಅತ್ತೆ ಕುರ್ಚಿಯಿಂದ.

"ಎಲ್ಲಿ?"

"ಅಲ್ಲಿ. ಸೋಫಾ ಕಾಲಿನ ಹತ್ರ. ಒಳ್ಳೇ ಕಣ್ಣಿಲ್ವಾ ನಿನಗೆ, ದಿನಾ ಹಲ್ಲು ನೋಡೋಳಿಗೆ?"

ಅವಳು ಸೋಫಾದ ಕಾಲಿನ ಕಡೆ ತಿರುಗಿದಾಗ ಬೆನ್ನ ಹಿಂದೆ ಏನೋ ಸರಿದ ಸದ್ದಾಯಿತು. ನೋಡಿದರೆ, ಪರದೆ ಬಟ್ಟೆಯ ಆ ಪುಟ್ಟ ದಿಂಬು. ಅತ್ತೆ ಅದನ್ನು ಕಾಲ ತುದಿಯಿಂದ ಅವಳತ್ತ ನೂಕಿ, ಏನೂ ತಿಳಿಯದವರ ಹಾಗೆ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು.

"ಒದ್ದೆ ಮಾಡಬೇಡ ಅದನ್ನ," ಎಂದರು.